ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮಲೆನಾಡಿನ ತರಗತಿಗೆ ಕಡಲು

ಜೂನ್ 8ರ ವಿಶ್ವ ಸಾಗರ ದಿನದ ಹೊತ್ತಿಗೆ ಮಕ್ಕಳಿಂದ ಏನು ಮಾಡಿಸಬಹುದೆಂದು ಕೇಳಿ ಶಿವಮೊಗ್ಗ ಜಿಲ್ಲೆಯ ಹಲವು ಊರುಗಳಿಂದ ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಕಡಲಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿ ವರ್ಷವೂ ಥರ್ಮೋಕೋಲಿಗೆ ನೀಲಿ ಬಣ್ಣ ಬಳಿದು ಮೀನಿನ ಚಿತ್ರ ಅಂಟಿಸುತ್ತೇವೆ. ನಮ್ಮ ಎಂಟನೆಯ ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಕಡಲನ್ನು ಕಣ್ಣಾರೆ ಕಂಡವರು ಐದೇ ಮಂದಿ. ಬೇರೇನು ಮಾಡಿಸಬಹುದು?

ಉತ್ತರ: ಥರ್ಮೋಕೋಲಿನ ಕಡಲನ್ನು ಈ ವರ್ಷ ದಯವಿಟ್ಟು ಕೈಬಿಡಿ. ಅದರಿಂದ ಮಕ್ಕಳು ಕಲಿಯುವುದು ಅಂಟು ಹಚ್ಚುವುದನ್ನು ಮಾತ್ರ. ಸಾಲದ್ದಕ್ಕೆ ಪ್ರದರ್ಶನ ಮುಗಿದ ಮೇಲೆ ಮುರಿದು ಎಸೆದ ಚೂರುಗಳು ಮೊದಲ ಮಳೆಗೇ ಶಾಲೆಯ ಹಿಂದಿನ ಹಳ್ಳಕ್ಕೆ ಇಳಿಯುತ್ತವೆ.

ಹನ್ನೊಂದು ಮೀಟರ್ ಉದ್ದದ ಹುರಿಹಗ್ಗವೊಂದನ್ನು ತರಿಸಿ ಶಾಲೆಯ ಜಗಲಿಯುದ್ದಕ್ಕೂ ಹಾಸಿ, ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಆಳವೆಂದು ಲೆಕ್ಕ ಹಿಡಿಯಿರಿ. ಹಗ್ಗದ ಒಂದು ತುದಿಯೇ ಕಡಲಿನ ಮೇಲ್ಮೈ. ಅಲ್ಲಿಂದ 20 ಸೆಂಟಿಮೀಟರ್ ದೂರದಲ್ಲಿ, ಅಂದರೆ ಒಂದು ಗೇಣು ತುಂಬುವ ಮೊದಲೇ, ಹಳದಿ ದಾರವೊಂದನ್ನು ಕಟ್ಟಿಸಿ. ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಬಿಸಿಲು ಇಳಿಯುವುದು ಹೆಚ್ಚೆಂದರೆ ಆ 200 ಮೀಟರಿನವರೆಗೆ. ಜೋಗದ ಎತ್ತರ 253 ಮೀಟರ್ ಆಗಿರುವುದರಿಂದ, ಜಲಪಾತದ ಬಂಡೆಯನ್ನು ಹಾಗೆಯೇ ಎತ್ತಿ ಕಡಲಿನಲ್ಲಿ ಮುಳುಗಿಸಿ ನಿಲ್ಲಿಸಿದರೆ ಅದರ ಬುಡಕ್ಕೆ ಆ ಬಿಸಿಲು ಮುಟ್ಟುವುದಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ 134 ಸೆಂಟಿಮೀಟರಿನಲ್ಲಿ ಒಂದು ಗಂಟು ಹಾಕಿಸಿ. ಮಹಾಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್. ಅದರ ಗಂಟು ಮೂರೂ ಮುಕ್ಕಾಲು ಮೀಟರಿನ ಹತ್ತಿರ ಬರುತ್ತದೆ. ಮೂವರು ಮನುಷ್ಯರನ್ನು ಕರೆದೊಯ್ಯಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ಮತ್ಸ್ಯ 6000 ಎಂಬ ಜಲಾಂತರ ವಾಹನದ ಗುರಿ ಆರನೆಯ ಮೀಟರಿನಲ್ಲಿದೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳ ಹೆಚ್ಚುಕಡಿಮೆ ಹಗ್ಗದ ಕೊನೆಯಲ್ಲಿ ಸಿಗುತ್ತದೆ. ಹಗ್ಗದ ಪಕ್ಕದಲ್ಲಿ ನಡೆಯುತ್ತಾ ಹೋದ ಮಗು ಹಳದಿ ದಾರವನ್ನು ಒಂದೇ ಹೆಜ್ಜೆಯಲ್ಲಿ ದಾಟಿ, ಉಳಿದ ಅಷ್ಟೂ ದೂರವನ್ನು ಕತ್ತಲೆಯಲ್ಲಿ ನಡೆದಂತಾಗುತ್ತದೆ. ಗಂಟುಗಳನ್ನು ನೀವು ಹಾಕಿಕೊಡಬೇಡಿ. ಭಾಗಾಕಾರವನ್ನು ಅವರೇ ಮಾಡಲಿ, ತಪ್ಪಿದರೆ ಅವರೇ ಬಿಚ್ಚಲಿ.

ಇನ್ನೊಂದು ಕೆಲಸವಂತೂ ನಿಮ್ಮ ತಾಲ್ಲೂಕಿಗೇ ಹೇಳಿ ಮಾಡಿಸಿದಂತಿದೆ. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಬನವಾಸಿಯನ್ನು ಬಳಸಿಕೊಂಡು ಹೋಗಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಶರಾವತಿಯಾದರೋ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಪ್ರತಿಯೊಂದು ಮಗುವೂ ತನ್ನ ಮನೆಯ ಸೂರಿನ ನೀರು ಯಾವ ಚರಂಡಿಗೆ, ಆ ಚರಂಡಿ ಯಾವ ಹಳ್ಳಕ್ಕೆ, ಆ ಹಳ್ಳ ಯಾವ ಹೊಳೆಗೆ ಹೋಗುತ್ತದೆಂದು ಹಿರಿಯರನ್ನು ಕೇಳಿ, ಸಾಧ್ಯವಾದಷ್ಟು ದೂರ ದೊಡ್ಡವರೊಡನೆ ನಡೆದು ನೋಡಿ, ನಕ್ಷೆಯಲ್ಲಿ ಗೆರೆ ಎಳೆಯಲಿ. ಒಂದೇ ತರಗತಿಯಲ್ಲಿ ಪೂರ್ವದ ಕಡಲಿನ ಮಕ್ಕಳೂ ಪಶ್ಚಿಮದ ಕಡಲಿನ ಮಕ್ಕಳೂ ಸಿಕ್ಕಿದರೆ, ಇವೆರಡರ ನಡುವೆ ನೀರು ಇಬ್ಭಾಗವಾಗುವ ದಿಣ್ಣೆ ಎಲ್ಲಿದೆಯೆಂಬ ಹುಡುಕಾಟ ತಾನಾಗಿಯೇ ಶುರುವಾಗುತ್ತದೆ.

ಪ್ರಶ್ನೆ: ನಾನು ತೀರ್ಥಹಳ್ಳಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಸಿಹಿನೀರಿನಲ್ಲಿ ಮುಳುಗಿದ ಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದನ್ನು ತೋರಿಸಿ, ‘ಕಡಲಿನಲ್ಲಿಯೂ ಹೀಗೆಯೇ’ ಎಂದು ವಿಜ್ಞಾನ ಮೇಳದಲ್ಲಿ ವಿವರಿಸಿದೆ. ‘ಕಡಲಿಗೆ ಹಾಕಿದ ಮೊಟ್ಟೆ ತೇಲುತ್ತದೆಯೇ?’ ಎಂದು ತೀರ್ಪುಗಾರರು ಕೇಳಿದಾಗ ಉತ್ತರ ತಿಳಿಯಲಿಲ್ಲ. ನಿಜವಾಗಿ ಏನಾಗುತ್ತದೆ?

ಉತ್ತರ: ತಾಜಾ ಮೊಟ್ಟೆಯಾದರೆ ಮುಳುಗುತ್ತದೆ. ಈ ಪ್ರಯೋಗ ನೂರಾರು ಮೇಳಗಳಲ್ಲಿ ನಡೆಯುತ್ತದೆ, ಆದರೆ ಎಷ್ಟು ಉಪ್ಪು ಹಾಕಿದೆವೆಂದು ತೂಗಿ ನೋಡುವವರು ತೀರಾ ವಿರಳ. ಒಂದು ಕಿಲೋ ಕಡಲನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ. ಆ ನೀರು ಸಿಹಿನೀರಿಗಿಂತ ಶೇಕಡ ಎರಡೂವರೆಯಷ್ಟು ಮಾತ್ರ ಹೆಚ್ಚು ತೂಗುತ್ತದೆ. ತಾಜಾ ಮೊಟ್ಟೆ ಅದಕ್ಕಿಂತಲೂ ಭಾರವಾಗಿರುವುದರಿಂದ ಅದನ್ನು ತೇಲಿಸಲು ಕಡಲಿನ ಮೂರು ಪಟ್ಟಿಗೂ ಹೆಚ್ಚಿನ ಉಪ್ಪು ಬೇಕಾಗುತ್ತದೆ. ನೀವು ಮೇಳದಲ್ಲಿ ತೋರಿಸಿದ್ದು ಕಡಲನ್ನಲ್ಲ, ಹೆಚ್ಚುಕಡಿಮೆ ಉಪ್ಪಿನಕಾಯಿಯ ನೀರನ್ನು.

ಇದೇ ಪ್ರಯೋಗವನ್ನು ಸರಿಪಡಿಸಿ ಮತ್ತೆ ಮಾಡಿ. ದಿನಸಿ ಅಂಗಡಿಯ ತಕ್ಕಡಿಯಲ್ಲಿ 35 ಗ್ರಾಂ ಉಪ್ಪನ್ನು ತೂಗಿಸಿ ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಕಡಲಿಗೆ ಬಹಳ ಹತ್ತಿರದ ನೀರು ಸಿದ್ಧವಾಗುತ್ತದೆ. ಎಳನೀರು ಕುಡಿಯುವ ಕೊಳವೆಯ ಒಂದು ತುದಿಗೆ ಎರಡು ಸಣ್ಣ ಮೊಳೆಗಳನ್ನು ತೂರಿಸಿ, ಮೇಣದಿಂದ ಮುಚ್ಚಿ, ಸಿಹಿನೀರಿನಲ್ಲಿ ನೆಟ್ಟಗೆ ತೇಲುವಂತೆ ಮಾಡಿ. ನೀರಿನ ಮಟ್ಟ ಮುಟ್ಟಿದಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಕೊಳವೆ 10 ಸೆಂಟಿಮೀಟರ್ ಮುಳುಗಿದ್ದರೆ, ನಿಮ್ಮ ಕಡಲನೀರಿನಲ್ಲಿ ಆ ಗೆರೆ ಸುಮಾರು ಎರಡೂವರೆ ಮಿಲಿಮೀಟರ್ ಮೇಲೆ ಬರುತ್ತದೆ. ಅಷ್ಟೇ ವ್ಯತ್ಯಾಸ. ಅದನ್ನು ಕಾಣಬೇಕಾದರೆ ಉಸಿರು ಹಿಡಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಬೇಕಾಗುತ್ತದೆ. ಮೊಟ್ಟೆ ಒಳಗೆ ಬಾರದ ಮನೆಯಾದರೆ ಆಲೂಗಡ್ಡೆಯ ಹೋಳೂ ಆದೀತು, ಆದರೆ ನನ್ನ ಒಲವು ಕೊಳವೆಯ ಕಡೆಗೆ. ಅದು ತೇಲಿತು, ಮುಳುಗಿತು ಎನ್ನುವುದರ ಜೊತೆಗೆ ಎಷ್ಟು ಎಂಬುದನ್ನೂ ಹೇಳುತ್ತದೆ.

ನೀವು ತೀರ್ಥಹಳ್ಳಿಯವರಾದ್ದರಿಂದ ಇದನ್ನು ಇನ್ನಷ್ಟು ಮುಂದುವರಿಸಬಹುದು. ನಿಮ್ಮ ಊರಿನ ತುಂಗೆಯ ನೀರು ಬಂಗಾಳಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಗಂಗಾ, ಬ್ರಹ್ಮಪುತ್ರಗಳಂಥ ದೊಡ್ಡ ನದಿಗಳೂ ಧಾರಾಳ ಮಳೆಯೂ ಸೇರಿ ಕೊಲ್ಲಿಯ ಮೇಲ್ಪದರದ ಉಪ್ಪನ್ನು ತಗ್ಗಿಸುತ್ತವೆ. ಅರಬ್ಬೀ ಸಮುದ್ರದಲ್ಲಿ ಮಳೆಗಿಂತ ಆವಿಯಾಗುವ ನೀರೇ ಹೆಚ್ಚಾದ್ದರಿಂದ ಅದು ಕೊಲ್ಲಿಗಿಂತ ಹೆಚ್ಚು ಉಪ್ಪಾಗಿರುತ್ತದೆ. ಬಣ್ಣವಿಲ್ಲದ ಉಪ್ಪುನೀರಿನ ಲೋಟದೊಳಕ್ಕೆ, ಬಣ್ಣ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಸುರಿದರೆ ಎರಡೂ ಬೆರೆಯದೆ ಪದರಪದರವಾಗಿ ನಿಲ್ಲುತ್ತವೆ. ಕೊಲ್ಲಿಯಲ್ಲಿ ಸಿಹಿನೀರಿನ ಇಂಥದೇ ಹಗುರ ಪದರವು ಕೆಳಗಿನ ತಣ್ಣನೆಯ ನೀರು ಮೇಲೇರದಂತೆ ತಡೆಯುವುದರಿಂದ ಮೇಲ್ಮೈ ಬಿಸಿಯಾಗಿಯೇ ಉಳಿಯುತ್ತದೆ; ಚಂಡಮಾರುತಗಳು ಅಲ್ಲಿ ಹೆಚ್ಚಾಗಿ ಏಳುವುದಕ್ಕೆ ಇದೂ ಒಂದು ಕಾರಣ. ಮುಂದಿನ ಬಾರಿ ತೀರ್ಪುಗಾರರಿಗೆ ಈ ಲೋಟವನ್ನು ತೋರಿಸಿ.

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿ. ಕಡಲಮೀನಿನ ಬಗ್ಗೆ ಯೋಜನೆ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ನಾವು ಶಿವಮೊಗ್ಗದಲ್ಲಿದ್ದೇವೆ, ಮನೆಯಲ್ಲಿ ಮೀನು ತರುವ ಪದ್ಧತಿಯಿಲ್ಲ. ಚಿತ್ರ ಅಂಟಿಸಿ ಮುಗಿಸಬಹುದೇ?

ಉತ್ತರ: ಹಟ ಒಳ್ಳೆಯದೇ, ಚಿತ್ರ ಅಂಟಿಸಿ ಅದನ್ನು ಕೆಡಿಸಬೇಡಿ. ಮೀನನ್ನು ಮನೆಗೆ ತರಬೇಕಾಗಿಲ್ಲ; ವಾರಕ್ಕೊಮ್ಮೆ ಮಗಳನ್ನು ಮೀನು ಮಾರುಕಟ್ಟೆಗೆ ಕರೆದೊಯ್ಯುವ ಮನಸ್ಸನ್ನು ನೀವು ಮಾಡಿದರೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೀನಿನ ಹೆಸರು, ಬಂದ ಬಂದರು, ಕಿಲೋ ಬೆಲೆ, ಇಷ್ಟನ್ನು ಬರೆಯುತ್ತಾ ಹೋಗಲಿ. ಬಂಗುಡೆ, ಭೂತಾಯಿ, ಅಂಜಲ್, ಸಿಗಡಿ ಮುಂತಾದ ಹೆಸರುಗಳ ಜೊತೆಗೆ ಮಲ್ಪೆ, ಭಟ್ಕಳ, ಹೊನ್ನಾವರಗಳ ಹೆಸರೂ ಕೇಳಿಬರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಎರಡು ತಿಂಗಳಲ್ಲಿ ಬುಟ್ಟಿಗಳಲ್ಲಿ ಏನು ಬದಲಾಯಿತು, ಬೆಲೆ ಎಷ್ಟು ಏರಿತು, ಕೆರೆ ಮತ್ತು ಜಲಾಶಯಗಳ ಕಾಟ್ಲಾ, ರೋಹು ಎಷ್ಟು ಬಂದವು ಎಂಬುದು ಆ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು. ಮುಂಗಾರಿನಲ್ಲಿ ಪೋಷಕಾಂಶಗಳಿಂದ ತುಂಬಿದ ಆಳದ ನೀರು ಕರಾವಳಿಯ ಬಳಿ ಮೇಲಕ್ಕೆದ್ದು, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಅಲ್ಲಿ ಹುಲುಸಾಗಿ ಬೆಳೆಯುವ ಕಾಲವೂ ಅದೇ.

ಮಾರುವವರನ್ನು ಕೇಳಿಕೊಂಡು ಒಂದು ಬಂಗುಡೆಯನ್ನು ಹತ್ತಿರದಿಂದ ನೋಡಲಿ. ಬೆನ್ನು ಕಡುಹಸಿರು, ಹೊಟ್ಟೆ ಬೆಳ್ಳಿ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ಆಳದ ನೀರಿನಂತೆ ಕಂಡರೆ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆ ಬೆಳಗುವ ಆಕಾಶದಂತೆ ಕಾಣುತ್ತದೆ. ಬಾಯಿ ತೆರೆಸಿದರೆ ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಉದ್ದನೆಯ ಎಸಳುಗಳಿವೆ. ನೀರನ್ನು ಆಚೆ ಬಿಟ್ಟು ಸೂಕ್ಷ್ಮಜೀವಿಗಳನ್ನು ಸೋಸಿ ಉಳಿಸಿಕೊಳ್ಳುವ ಜರಡಿ ಅದು.

ಮನೆಯಲ್ಲಿಯೇ ಮಾಡುವ ಪ್ರಯೋಗವೂ ಬೇಕೆಂದರೆ ಅಪ್ಪೆಮಿಡಿಯ ಭರಣಿ ಇದ್ದೇ ಇದೆ. ಮಿಡಿಗಳನ್ನು ತೂಗಿ, ಹರಳುಪ್ಪು ಹಾಕಿಟ್ಟು, ವಾರದ ಮೇಲೆ ಮತ್ತೆ ತೂಗಿದರೆ ತೂಕ ಇಳಿದಿರುತ್ತದೆ, ಸಿಪ್ಪೆ ಸುಕ್ಕುಗಟ್ಟಿರುತ್ತದೆ. ಒಳಗಿನ ನೀರನ್ನು ಉಪ್ಪು ಹೊರಕ್ಕೆಳೆದಿರುತ್ತದೆ. ಬಂಗುಡೆಯ ಮೈಯಿಂದಲೂ ಕಡಲು ಹೀಗೆಯೇ ನೀರನ್ನು ಸೆಳೆಯುತ್ತಿರುತ್ತದೆ. ಆದ್ದರಿಂದ ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಿ ಬದುಕುತ್ತದೆ. ತುಂಗೆಯ ಮೀನಿಗೆ ಇದರ ತಿರುಗುಮುರುಗಾದ ತೊಂದರೆ: ಬೇಡವೆಂದರೂ ನೀರು ಒಳನುಗ್ಗುತ್ತದೆ. ಅಜ್ಜಿ ಭರಣಿ ಮುಟ್ಟಲು ಬಿಟ್ಟರೆ ಮಾತ್ರ ಈ ಪ್ರಯೋಗ ಸಾಧ್ಯವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ಕಪ್ಪೆಚಿಪ್ಪನ್ನು ವಿನೆಗರಿನಲ್ಲಿ ಹಾಕಿ ಕರಗಿಸಿ ‘ಸಾಗರದ ಆಮ್ಲೀಕರಣ’ವನ್ನು ತೋರಿಸುವುದು ಸರಿಯೇ? (ಹೊಸನಗರದ ಪ್ರೌಢಶಾಲಾ ಶಿಕ್ಷಕರೊಬ್ಬರು)

ಉತ್ತರ: ತೋರಿಸಬಹುದು, ಆದರೆ ಅದು ಉತ್ಪ್ರೇಕ್ಷೆಯೆಂದು ಜೊತೆಯಲ್ಲಿಯೇ ಹೇಳಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಡಲಿನ ಮೇಲ್ಮೈಯ ಪಿಎಚ್ ಮೌಲ್ಯ (ಇದು ಇಳಿದಷ್ಟೂ ಆಮ್ಲತೆ ಹೆಚ್ಚು) ಕೈಗಾರಿಕಾ ಯುಗದ ಮೊದಲಿದ್ದ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕಡಲು ಇಂದಿಗೂ ಪ್ರತ್ಯಾಮ್ಲವೇ. ಆದರೂ ಈ ಅಳತೆಯಲ್ಲಿ 0.1ರಷ್ಟು ಇಳಿಕೆಯೆಂದರೆ ಹೈಡ್ರೋಜನ್ ಅಯಾನುಗಳು ಶೇಕಡ 25ಕ್ಕಿಂತ ಹೆಚ್ಚು ಏರಿದಂತೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸರಿಹೋಯಿತೇ ಎಂದು ಬಣ್ಣದ ಕಾಗದ ಅದ್ದಿ ನೋಡುವುದನ್ನು ನಿಮ್ಮ ವಿದ್ಯಾರ್ಥಿಗಳು ತೋಟದಲ್ಲಿ ಕಂಡಿರುತ್ತಾರೆ. ಅದೇ ಕಾಗದ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. 0.1ರ ವ್ಯತ್ಯಾಸವನ್ನು ಅದು ಹಿಡಿಯಲಾರದೆಂಬುದೂ ಒಂದು ಪಾಠವೇ. ವಿನೆಗರಿಗೆ ಬದಲಾಗಿ ಬಾಟಲಿಯ ಸೋಡಾ ಬಳಸಿ, ಏಕೆಂದರೆ ಅದರಲ್ಲಿರುವುದು ಅದೇ ಅನಿಲ. ದಾಸವಾಳದ ಎಸಳನ್ನು ನೆನೆಸಿದ ನೀರನ್ನು ಬಾವಿನೀರಿಗೂ ಸೋಡಾಕ್ಕೂ ಬೆರೆಸಿ ಬಣ್ಣ ಹೋಲಿಸಿ.

ಪ್ರಶ್ನೆ: ಪಿಯುಸಿ ವಿಜ್ಞಾನದ ನಮಗೆ ನಿಜವಾದ ಕಡಲಿನ ಅಂಕಿಅಂಶಗಳು ಬೇಕು. ಎಲ್ಲಿ ಸಿಗುತ್ತವೆ? (ಭದ್ರಾವತಿ)

ಉತ್ತರ: ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯಡಿ ಸುಮಾರು 4,000 ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಅಲೆಯುತ್ತಿವೆ. ಪ್ರತಿಯೊಂದೂ ಸಾವಿರ ಮೀಟರ್ ಆಳದಲ್ಲಿ ತೇಲಿಕೊಂಡಿದ್ದು, ಹತ್ತು ದಿನಗಳಿಗೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಉಷ್ಣತೆ ಮತ್ತು ಉಪ್ಪಿನಂಶವನ್ನು ಅಳೆಯುತ್ತಾ ಮೇಲೇರಿ ಉಪಗ್ರಹಕ್ಕೆ ಸುದ್ದಿ ಕಳುಹಿಸುತ್ತದೆ. ಇದರ ದತ್ತಾಂಶ ಎಲ್ಲರಿಗೂ ಉಚಿತ. ನಮ್ಮ ದೇಶದಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಅದನ್ನು ನಿರ್ವಹಿಸುತ್ತದೆ. ಅರಬ್ಬೀ ಸಮುದ್ರದ ಒಂದು ಯಂತ್ರವನ್ನೂ ಬಂಗಾಳಕೊಲ್ಲಿಯ ಒಂದನ್ನೂ ಆರಿಸಿ, ಮೇ ಮತ್ತು ಆಗಸ್ಟ್ ತಿಂಗಳ ರೇಖಾಚಿತ್ರಗಳನ್ನು ಕೈಯಲ್ಲೇ ಬಿಡಿಸಿ ಹೋಲಿಸಿ. ಮುಂಗಾರು ಬಂದು ಹೋದ ಗುರುತು ಅದರಲ್ಲಿರುತ್ತದೆ.

ಪ್ರಶ್ನೆ: ಹೊನ್ನಾವರಕ್ಕೆ ಒಂದು ದಿನದ ಪ್ರವಾಸ ಹೋಗುವುದಿದೆ. ಮಕ್ಕಳು ಅಲ್ಲಿ ಏನು ಅಳೆಯಬಹುದು? (ಸೊರಬ)

ಉತ್ತರ: ಮಳೆಗಾಲ ಬೇಡ, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮೇಲೆ ಹೇಳಿದ ಕೊಳವೆಯನ್ನು ಜೊತೆಯಲ್ಲಿಟ್ಟುಕೊಂಡು, ನದಿ ಕಡಲನ್ನು ಸೇರುವ ಅಳಿವೆಯ ನೀರನ್ನು ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಪರೀಕ್ಷಿಸಿ. ಎರಡು ಉಬ್ಬರಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ ಇರುವುದರಿಂದ ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗೂ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ಆ ದಿನದ ವೇಳೆಯನ್ನು ಮೀನುಗಾರರನ್ನು ಕೇಳಿ ತಿಳಿದುಕೊಂಡೇ ಬಸ್ಸು ಹೊರಡಿಸಿ. ಸಮಯವಿದ್ದರೆ ಕುಮಟಾ ಕಡೆಯ ಅಘನಾಶಿನಿಯ ಅಳಿವೆಯಲ್ಲಿಯೂ ಒಂದು ಬಾಟಲಿ ತುಂಬಿಸಿಕೊಳ್ಳಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ವಿದ್ಯುದಾಗಾರಗಳಿಂದ ಹೊರಬರುವ ಸಿಹಿನೀರು ಬೇಸಿಗೆಯಲ್ಲಿಯೂ ಅಳಿವೆಗೆ ಇಳಿಯುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಅಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರು ಸಿಕ್ಕಿದರೆ ಯಾವ ತಿಂಗಳಲ್ಲಿ ಎಷ್ಟು ಸಿಗುತ್ತದೆಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ಜೀವವಿರುವ ಚಿಪ್ಪುಗಳನ್ನು ಚೀಲಕ್ಕೆ ಹಾಕಿಕೊಳ್ಳಬಾರದು. ಬಾಟಲಿಯ ಮೇಲೆ ಸ್ಥಳ ಮತ್ತು ವೇಳೆಯನ್ನು ನೀರು ತುಂಬುವ ಮೊದಲೇ ಬರೆಯಿಸಿ. ಒದ್ದೆಯಾದ ಚೀಟಿಯ ಮೇಲೆ ಪೆನ್ನು ಹಿಡಿಯುವುದಿಲ್ಲ.