ದಿನಾ ಎಕ್ಸ್‌ರೇ ಬೇಕಿತ್ತಾ? — ಸಂಪಾದಕರ ಉತ್ತರ

ಗಂಗಾವತಿ ಅಕ್ಕಾರ, ತಂಗಿ ಮಗಳು ನ್ಯುಮೋನಿಯಾ ಆಗಿ ಕೊಪ್ಪಳದಾಗ ವೆಂಟಿಲೇಟರ್ ಮ್ಯಾಲೆ ಇದ್ದಾಗ ದಿನಾ ಬೆಡ್ಡಿಗೇ ಮಷೀನ್ ದಬ್ಬಿಕೊಂಡು ಬಂದು ಎದಿ ಎಕ್ಸ್‌ರೇ ತಗದ್ರು, ಅಷ್ಟು ಬೇಕಿತ್ತಾ, ಕೂಸಿಗೆ ರೇಡಿಯೇಶನ್ ಬೀಳಂಗಿಲ್ಲೇನು ಅಂತ ಬರದೀರಿ. ಕೂಸು ಮನಿಗೆ ಬಂದೈತಿ ಅನ್ನೋದು ಓದಿ ಸಮಾಧಾನ ಆತ್ರಿ.

ರೇಡಿಯೇಶನ್ ಬಗ್ಗೆ ಬಾಳ ಅಂಜಬ್ಯಾಡ್ರಿ, ಒಂದು ಎದಿ ಎಕ್ಸ್‌ರೇದಾಗ ಬೀಳೋದು ನೆಲ, ಗಾಳಿ, ಆಕಾಶದಿಂದ ಕೆಲವೇ ದಿನದಾಗ ನಮಗೆಲ್ಲ ತಾನಾಗೇ ಬೀಳೋವಷ್ಟು.

ವೆಂಟಿಲೇಟರ್ ಟ್ಯೂಬ್ ಹಾಕಿದ ಮ್ಯಾಲೆ ಒಂದು ಎಕ್ಸ್‌ರೇ ಬೇಕೇ ಬೇಕು. ಆಗಷ್ಟೇ ಹುಟ್ಟಿದ ಕೂಸಿನ ಶ್ವಾಸನಾಳ 4-5 ಸೆಂಟಿಮೀಟರ್ ಅಷ್ಟೇ ಇರತೈತಿ, ಟ್ಯೂಬ್ ಒಂಚೂರು ಒಳಗ ಸರದ್ರ ಸೀದಾ ಬಲಗಡಿ ಪುಪ್ಪಸಕ್ಕ ಹೋಗಿ ಕೂಡತೈತಿ, ಎಡಗಡಿಗೆ ಗಾಳಿ ಹೋಗದ ಅದು ಮುದುಡಿಕೊಂತೈತಿ. ಕೂಸು ಗದ್ದ ಕೆಳಗ ಹಾಕಿದ್ರ ಟ್ಯೂಬ್ ಒಳಗ ಇಳಿತೈತಿ, ಮ್ಯಾಲೆ ಎತ್ತಿದ್ರ ಹೊರಗ ಬರತೈತಿ. ಸ್ಟೆತಸ್ಕೋಪ್ ಇಟ್ಟು ಕೇಳಿದ್ರ ಆತಲ್ಲ ಅಂತೀರಿ, ಆದ್ರ ಸಣ್ಣ ಎದಿಯಾಗ ಒಂದ್ ಕಡಿ ಸಪ್ಪಳ ಇನ್ನೊಂದ್ ಕಡಿನೂ ಕೇಳಸ್ತದ್ರಿ, ಮೋಸ ಆಗತೈತಿ.

ಹಂಗಂತ ಎಕ್ಸ್‌ರೇ ಹೇಳಿದ್ದೆಲ್ಲ ಖರೇ ಅಲ್ಲ. ಮಲಗಿಸಿ ಮುಂದಿನಿಂದ ತಗದಾಗ ಹೃದಯ ಇದ್ದದ್ದಕ್ಕಿಂತ ದೊಡ್ಡದು ಕಾಣತೈತಿ, ಪುಪ್ಪಸದಿಂದ ಹೊರಗ ಸೋರಿದ ಗಾಳಿ ಎದಿ ಮುಂಭಾಗಕ್ಕ ಬಂದು ನಿಲ್ಲೋದ್ರಿಂದ ಕಣ್ಣಿಗೆ ಬೀಳದಂಗೂ ಆಗಬಹುದು. ಅದೇ ಗಾಳಿ ಒತ್ತಿ ಕೂಸು ಕುಸಿಯಾಕ ಹತ್ತಿದ್ರ ಮಷೀನಿನ ದಾರಿ ಕಾಯಂಗಿಲ್ಲ, ಮೊದ್ಲು ಸೂಜಿ ಹಾಕಿ ಗಾಳಿ ತಗೀತಾರ.

ಇನ್ನ ದಿನಾ ಬೆಳಿಗ್ಗೆ ರೂಢಿ ಅಂತ ತಗಿಯೋದು, ಇದಕ್ಕ ನನಗ ಒಪ್ಪಿಗಿ ಇಲ್ರಿ. 2009ರಾಗ ಪ್ರಕಟ ಆದ ಫ್ರಾನ್ಸಿನ 21 ಐಸಿಯುಗಳ ಅಧ್ಯಯನದಾಗ ಬೇಕಾದಾಗ ಮಾತ್ರ ತಗದು ನೋಡಿದ್ರು, ಎಕ್ಸ್‌ರೇ ಸುಮಾರು ಮೂರರಾಗ ಒಂದು ಭಾಗ ಕಡಿಮಿ ಆದ್ವು, ರೋಗಿಗಳಿಗೆ ತೊಂದ್ರಿ ಹೆಚ್ಚಾಗಲಿಲ್ಲ. ಅದು ದೊಡ್ಡವರ ಮ್ಯಾಲೆ ಮಾಡಿದ್ದು, ಮಕ್ಕಳಿಗೆ ಸೀದಾ ಹಚ್ಚಾಕ ಬರಂಗಿಲ್ಲ, ಆದ್ರ ಪ್ರಶ್ನೆ ಅದೇ: ಇವತ್ತಿನ ಎಕ್ಸ್‌ರೇ ಏನ್ ನೋಡಾಕ? ಆಕ್ಸಿಜನ್ ಒಮ್ಮೆಲೆ ಇಳಿದಿದ್ರ, ದೊಡ್ಡ ರಕ್ತನಾಳಕ್ಕ ಹೊಸ ಲೈನ್ (ಸಣ್ಣ ನಳಿಗಿ) ಹಾಕಿದ್ರ, ಟ್ಯೂಬ್ ಸರಿದ ಅನುಮಾನ ಇದ್ರ ತಗೀಲೇಬೇಕು. ಏನೂ ಬದಲಾಗಿಲ್ಲ ಅಂದ್ರ ಯಾಕ್ರೀ ಅಂತ ಡಾಕ್ಟರಿಗೆ ಕೇಳೋದ್ರಾಗ ತಪ್ಪಿಲ್ಲ, ಒಳ್ಳೆ ಡಾಕ್ಟರು ಸಿಟ್ಟಾಗಂಗಿಲ್ಲ.

ನಮ್ಮ ಕಡಿ ಕೂಸು ಸೀರಿಯಸ್ ಅಂದ್ರ ಬಳ್ಳಾರಿಗೋ ಹುಬ್ಬಳ್ಳಿಗೋ ಕಳಸ್ತಾರಲ್ಲ, ಅಲ್ಲಿ ಹೋದ ಕೂಡ್ಲೆ ಮತ್ತ ಎಕ್ಸ್‌ರೇ ಅಂದ್ರ ದುಡ್ಡಿಗೆ ಅಂತ ತಿಳೀಬ್ಯಾಡ್ರಿ, ಆಂಬುಲೆನ್ಸ್‌ ಕುಲುಕಾಟದಾಗ ಟ್ಯೂಬ್ ಸರದಿರಬಹುದು. ಹಳೇ ಫಿಲ್ಮ್ ಮಾತ್ರ ಮರೀದ ಒಯ್ರಿ, ಇಲ್ಲಾ ಬೆಳಕಿಗೆ ಹಿಡಿದು ಮೊಬೈಲ್‌ನಾಗ ಫೋಟೋ ತಗೊಂಡ್ರೂ ನಡೀತೈತಿ, ನಿನ್ನಿದು ಇವತ್ತಿಂದು ಬಾಜೂ ಬಾಜೂ ಇಟ್ಟು ನೋಡಿದಾಗ ತಿಳಿಯೋದು ಒಂದೇ ಫಿಲ್ಮ್‌ನಾಗ ತಿಳಿಯಂಗಿಲ್ರಿ.