ಡಾಕ್ಟರ್ ಗಂಡನ ಬಿಪಿ ನೋಡುವವರು ಯಾರು?

ಎಲ್ಲರಿಗೂ ಉಪ್ಪು ಕಡಿಮೆ ಮಾಡಿ ಎನ್ನುವ ನಿಮ್ಮ ಡಾಕ್ಟರ್ ಗಂಡ ಎರಡು ವರ್ಷದಿಂದ ತಮ್ಮ ಬಿಪಿಯನ್ನೇ ನೋಡಿಸಿಕೊಂಡಿಲ್ಲ, ಕೇಳಿದರೆ "ಡಾಕ್ಟರ್ ನಾನಾ, ನೀನಾ?" ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಓದಿ ನಗು ಬಂತು, ಹಿಂದೆಯೇ ಕಾಳಜಿಯೂ ಆಯಿತು. ನನ್ನ ಹೆಂಡತಿಯೂ ಡಾಕ್ಟರೇ.

ಇದು ಸೋಮಾರಿತನ ಅಲ್ಲ. ದಿನವಿಡೀ ಬೇರೆಯವರ ಕಾಯಿಲೆ ನೋಡುವವರಿಗೆ, ಕಾಯಿಲೆ ಬರುವುದು ರೋಗಿಗಳಿಗೆ ಮಾತ್ರ ಎಂಬ ಭಾವನೆ ಬೆಳೆದುಬಿಡುತ್ತದೆ. ಬಿಪಿ ಜಾಸ್ತಿ ಇದ್ದರೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ. ಅದು ಅವರಿಗೂ ಗೊತ್ತು, ಅಲ್ವಾ?

ವಾದ ಮಾಡಬೇಡಿ, ಅವರ ವೃತ್ತಿಯ ಪ್ರತಿಜ್ಞೆಯನ್ನೇ ಮುಂದಿಡಿ. ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆ ಎಂಬ ಈ ಪ್ರತಿಜ್ಞೆ 1948ರದು. 2017ರಲ್ಲಿ ಅದನ್ನು ತಿದ್ದಿದಾಗ, ಉತ್ತಮ ಚಿಕಿತ್ಸೆ ಕೊಡಲು ನನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬ ಮಾತು ಸೇರಿಸಿದರು. ಇದನ್ನು ಓದಿಸಿದ ದಿನ ನನ್ನವಳು ಮಾತಾಡದೆ ತೋಳು ಚಾಚಿದಳು!

ಆದರೆ ನೋಡುವವರು ಬೇರೆ ಡಾಕ್ಟರೇ ಆಗಿರಲಿ. ತನ್ನ ವಿಷಯದಲ್ಲಿ ಸರಿಯಾಗಿ ತೀರ್ಮಾನಿಸುವುದು ಯಾರಿಗೂ ಕಷ್ಟ. ಅವರು ನಂಬುವ ಡಾಕ್ಟರ್ ಒಬ್ಬರ ಹತ್ತಿರ ನೀವೇ ಸಮಯ ತೆಗೆದುಕೊಳ್ಳಿ. ಇಬ್ಬರೂ ಒಟ್ಟಿಗೇ ಹೋಗಿ ತೋರಿಸಿಕೊಳ್ಳಿ.