ಸೀಸನ್ ಬಂತು, ಬೆಲೆ ಯಾಕೆ ಇಳಿಯಲಿಲ್ಲ?

ಓದುಗರ ಪತ್ರ: ಶರತ್ಕಾಲದಲ್ಲಿ ಸೀಸನ್ ನೋಡಿ ಕೊಂಡರೆ ಹಣ್ಣು, ತರಕಾರಿ ಅಗ್ಗ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ನಂಬಿಕೊಂಡು ಹೋದೆ. ಹೊಸ ಸೇಬು, ಕುಂಬಳಕಾಯಿ ಬಂದಿದ್ದವು, ಬೆಲೆ ಮಾತ್ರ ಇಳಿದಿರಲಿಲ್ಲ. ಟೊಮ್ಯಾಟೊ ಏರಿಯೇ ಇತ್ತು. ವರ್ಷವಿಡೀ ಎಲ್ಲವೂ ಸಿಗುವಾಗ ಈ 'ಸೀಸನ್' ಅನ್ನುವ ಮಾತಿಗೆ ಅರ್ಥ ಇದೆಯಾ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಸಾಲನ್ನು ನಾವು ಹಿಂದೆಮುಂದೆ ನೋಡದೆ ಬರೆದುಬಿಟ್ಟೆವು. ಸೀಸನ್ ಶುರುವಾದ ಕೂಡಲೇ ಬೆಲೆ ಇಳಿಯುವುದಿಲ್ಲ. ಮೊದಲ ಕೊಯ್ಲಿನ ಮಾಲು ಕಡಿಮೆ, ಕಾದು ಕೂತವರು ಜಾಸ್ತಿ. ಎಲ್ಲ ತೋಟಗಳೂ ಒಟ್ಟಿಗೆ ಕೊಯ್ಯತೊಡಗಿದ ಮೇಲೇ ಬೆಲೆ ಜಗ್ಗುವುದು.

ಟೊಮ್ಯಾಟೊ ವಿಷಯ ಬೇರೆ. ಅದು ಬೇಸಿಗೆಯ ಬೆಳೆ, ಶರತ್ಕಾಲಕ್ಕೆ ಹೊರಡುವ ಹೊತ್ತು. ರಾತ್ರಿ ಚಳಿ ಹೆಚ್ಚಿದರೆ ಹೂವು ಕಾಯಿಗಟ್ಟುವುದಿಲ್ಲ. ಒಂದು ರಾತ್ರಿ ಗಟ್ಟಿಯಾಗಿ ಹಿಮ ಬಿದ್ದರೆ ಗಿಡದ ಕಥೆ ಮುಗಿಯಿತು. ಆಮೇಲೆ ಸಿಗುವುದು ಗಾಜಿನ ಮನೆಯದ್ದು, ಇಲ್ಲವೇ ದೂರದಿಂದ ಬಂದದ್ದು. ಬಿಸಿ ಮಾಡಿದ ಖರ್ಚು, ಸಾಗಿಸಿದ ಖರ್ಚು ಎರಡೂ ನಿಮ್ಮ ಚೀಲಕ್ಕೇ.

ಸೇಬಿನ ಲೆಕ್ಕ ಮಜವಾಗಿದೆ. ಸೊಪ್ಪು ಮಾರುವವರಿಗೆ ಇವತ್ತಿನದ್ದು ಇವತ್ತೇ ಹೋಗಬೇಕು. ಮಾಲು ಜಾಸ್ತಿ ಬಂತೋ, ಸಂಜೆ ಹೊತ್ತಿಗೆ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಸೇಬಿಗೆ ಆ ಅವಸರ ಇಲ್ಲ. ಕೊಯ್ದ ಮೇಲೂ ಅದು ಉಸಿರಾಡುತ್ತಲೇ ಇರುತ್ತದೆ. ಉಸಿರಾಡಿದಷ್ಟೂ ಬೇಗ ಮೆತ್ತಗಾಗುತ್ತದೆ. ಹಾಗಾಗಿ ಗಾಳಿಯಾಡದ ಕೋಣೆಗೆ ತುಂಬಿ, ಶೂನ್ಯ ಡಿಗ್ರಿ ಆಸುಪಾಸಿನ ತಂಪು ಕೊಟ್ಟು, ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕವನ್ನು ಶೇ 1ರಿಂದ 3ಕ್ಕೆ ಇಳಿಸುತ್ತಾರೆ. ಹಣ್ಣು ಅರೆನಿದ್ದೆಗೆ ಜಾರುತ್ತದೆ. ಕೆಲವು ತಳಿಗಳು ಹೀಗೇ ಎಂಟು, ಹತ್ತು ತಿಂಗಳು ಕಳೆಯುತ್ತವೆ. ಇದೇನೂ ನಿನ್ನೆ ಮೊನ್ನೆಯ ಜಾಣತನವಲ್ಲ. ಇಂಗ್ಲೆಂಡಿನ ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು 1920ರ ದಶಕದಲ್ಲೇ ಇದರ ದಾರಿ ಹುಡುಕಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೊಯ್ಲಿನ ದಿನ ಸೇಬಿನ ರಾಶಿ ಮುಂದೆ ನೀವೊಬ್ಬರೇ ನಿಂತಿರುವುದಿಲ್ಲ, ಶೀತಲ ಗೋದಾಮಿನವರೂ ನಿಂತಿರುತ್ತಾರೆ. ಬೆಲೆ ಸ್ವಲ್ಪ ಇಳಿಯಿತೋ, ಅವರು ಎತ್ತಿ ಒಳಗೆ ಹಾಕುತ್ತಾರೆ. ಹಾಗಾಗಿ ಪಾತಾಳಕ್ಕೆ ಬೀಳುವುದಿಲ್ಲ. ಆರು ತಿಂಗಳಾದ ಮೇಲೆ ಅವರೇ ಹೊರತೆಗೆಯುವುದರಿಂದ ಆಕಾಶಕ್ಕೂ ಏರುವುದಿಲ್ಲ. ಕರೆಂಟು, ಬಾಡಿಗೆ, ಕೊಳೆತು ಹೋದ ಪಾಲು, ಇಷ್ಟು ಮಾತ್ರ ಮೇಲೆ ಸೇರುತ್ತದೆ.

ಕುಂಬಳಕಾಯಿಯದ್ದೂ ಹೆಚ್ಚುಕಡಿಮೆ ಇದೇ ಕಥೆ, ಅದೂ ಯಂತ್ರದ ಹಂಗಿಲ್ಲದೆ. ಕೊಯ್ದು ಹತ್ತು ದಿನ ಬೆಚ್ಚಗೆ ಒಣಗಲು ಬಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಆಮೇಲೆ ತಂಪು ಜಾಗದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಕೊಳ್ಳುವಾಗ ಉಗುರು ಒತ್ತಿ ನೋಡಿ. ಉಗುರು ಇಳಿದರೆ ಅದು ಇಟ್ಟುಕೊಳ್ಳುವ ಕಾಯಲ್ಲ. ತೊಟ್ಟು ಬಿರಡೆಯ ಹಾಗೆ ಒಣಗಿರಬೇಕು. ತೊಟ್ಟೇ ಮುರಿದಿದ್ದರೆ ಅಲ್ಲಿಂದಲೇ ಕೊಳೆ ಶುರು, ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೆ ಮಾತ್ರ ತಗೊಳ್ಳಿ, ಅದೇ ವಾರ ಮುಗಿಸಿ.

ನಿಜವಾದ ಲಾಭ ಇರುವುದು ಕ್ಯಾರೆಟ್, ಎಲೆಕೋಸಿನಲ್ಲಿ ಅಂತ ನನ್ನ ಅನಿಸಿಕೆ. ಚಳಿ ತಾಗಿದಾಗ ಹೆಪ್ಪುಗಟ್ಟದೆ ಉಳಿಯಲು ಈ ಗಿಡಗಳು ಸಕ್ಕರೆ ಕೂಡಿಟ್ಟುಕೊಳ್ಳುತ್ತವೆ. ಕೊಯ್ಲು ಜೋರಾಗಿರುವ ಹೊತ್ತಿಗೇ ರುಚಿಯೂ ಏರುತ್ತದೆ. ನಮ್ಮ ಆ ಲೇಖನದಲ್ಲಿ ಇವುಗಳ ಹೆಸರೇ ಇರಲಿಲ್ಲ ನೋಡಿ!

ಇನ್ನೊಂದು ತಪ್ಪೂ ನಮ್ಮದೇ, ಯಾವ ಕಡೆಯ ಶರತ್ಕಾಲ ಅಂತ ಹೇಳಲಿಲ್ಲ. ಉತ್ತರಾರ್ಧ ಗೋಳದಲ್ಲಿ ಶರತ್ಕಾಲ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣದಲ್ಲಿ ಮಾರ್ಚ್‌ನಿಂದ ಮೇ. ಏಪ್ರಿಲ್‌ನಲ್ಲಿ ಕಾಣುವ ಸೇಬು ಗೋದಾಮಿನದ್ದೇ ಇರಬೇಕಿಲ್ಲ, ಆ ಕಡೆಯ ಹೊಸ ಫಸಲೂ ಇರಬಹುದು. ಯಾವ ದೇಶದ್ದು ಅಂತ ಪೆಟ್ಟಿಗೆಯ ಮೇಲಿನ ಚೀಟಿ ಓದಿದರೆ ಗೊತ್ತಾಗುತ್ತದೆ. ಮುಂದಿನ ಸಂಚಿಕೆಯ ಪಟ್ಟಿಯಲ್ಲಿ ಒಂದೊಂದು ಬೆಳೆಗೂ ಮೊದಲ ಕೊಯ್ಲು, ಭರಾಟೆ, ಕೊನೆ ಅಂತ ಮೂರು ಕಾಲಂ ಹಾಕುತ್ತೇವೆ. ನೀವು ನಡುವಿನ ಕಾಲಂ ನೋಡಿಕೊಂಡು ಚೀಲ ಹಿಡಿದು ಹೊರಡಿ.